ಶಾರದತ್ತೆಯ ಬೇಸಿಗೆ ಶಿಬಿರ

ಮೊನ್ನೆ ದೆಹಲಿ ಪಕ್ಕದ ಇಂದಿರಾಪುರಂನ ಮಾರುಕಟ್ಟೆಗೆ ಮಗಳಿಗೊಂದು ಟಾರ್ಚು ಕೊಳ್ಳಲು ಹೋಗಿದ್ದೆ. ಅಂಗಡಿಯ ಬಾಗಿಲಲ್ಲಿ ಹಳೆಯ ಕೂಲರೊಂದು ಗರಗರ ತಿರುಗುತ್ತಿತ್ತು. ಅದರಿಂದ ಒದ್ದೆ ಲಾವಂಚದ ವಾಸನೆ ಬಂದು ಮುಖಕ್ಕೆ ತಾಗಿದ ಕೂಡಲೇ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಗಳಲ್ಲಿ ಈಗ ಎಸಿ ಇದೆ, ಎಸಿಗೆ ವಾಸನೆಯಿಲ್ಲ. ಹನ್ನೊಂದು ವರ್ಷದ ಮಗಳು ಅನ್ವಿ ಕೈ ಜಗ್ಗಿದಳು, "ಮಮ್ಮಾ, ಚಲೋ ನಾ." ಇನ್ನು ಎರಡು ದಿನಕ್ಕೆ ಅವಳ ಬಸ್ಸು ಬೆಟ್ಟದ ಕಡೆ ಹೊರಡುವುದಿತ್ತು. ಹತ್ತು ದಿನದ ಬೇಸಿಗೆ ಶಿಬಿರ. ಮಕ್ಕಳಲ್ಲಿ ನಾಯಕತ್ವ ಬೆಳೆಸುತ್ತೇವೆ ಎಂದು ಅವರ ನುಣುಪಾದ ಕಾಗದದ ಮೇಲೆ ಅಚ್ಚಾಗಿತ್ತು, ಮಕ್ಕಳು ಫೋನು ತರುವಂತಿಲ್ಲ ಎಂದೂ ಇತ್ತು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ, ಸುಸ್ತಾದರೆ ಹೇಳಬೇಕು, ತಲೆ ತಿರುಗಿದರೆ ಹೇಳಬೇಕು. ಅನ್ವಿ ಕೊನೆಗೆ ರೇಗಿ, "ಓಹೋ ಮಮ್ಮಾ, ಲೀಡರ್ಸ್ ಕಂಪ್ಲೇನ್ ಮಾಡಲ್ಲ" ಎಂದಳು. ನಾನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ನಾನು ಅವಳ ವಯಸ್ಸಿನಲ್ಲಿದ್ದಾಗ ನಾವು ದೆಹಲಿಯ ದಂಡು ಪ್ರದೇಶದಲ್ಲಿ, ಸೈನ್ಯದವರ ಕ್ವಾರ್ಟರ್ಸಿನಲ್ಲಿ ಇದ್ದೆವು. ಅಪ್ಪ ಸುಬೇದಾರರಾಗಿದ್ದರು. ಸುಣ್ಣ ಬಳಿದ ಎರಡು ಕೋಣೆ, ಹಿಂದೆ ಇಟ್ಟಿಗೆ ಹಾಸಿದ ಅಂಗಳ, ಅಂಗಳದಲ್ಲೊಂದು ಬೇವಿನ ಮರ. ಮೇ ತಿಂಗಳಲ್ಲಿ ಕಿಟಕಿಗೆ ಕೂಲರು ಕೂರಿಸಿ, ಅದರ ಲಾವಂಚದ ಚಾಪೆಗೆ ಬಕೆಟ್ಟಿನಿಂದ ನೀರು ಹಾಕುವುದು ನನ್ನ ಕೆಲಸ. ನಮ್ಮ ಜೊತೆ ಅಪ್ಪನ ತಂಗಿ ಶಾರದತ್ತೆಯೂ ಇದ್ದಳು. ಗಂಡನ ಮನೆ ಬಿಟ್ಟು ನಾಲ್ಕು ದಿನಕ್ಕೆಂದು ಬಂದವಳು ಅಲ್ಲೇ ಉಳಿದಿದ್ದಳು. ಒಂದು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದಳು. ಮನೆಯಲ್ಲಿ ಅಡಿಗೆಮನೆ ಅಮ್ಮನದು, ರೇಡಿಯೋ ಅಪ್ಪನದು, ಬೀರುವಿನ ಒಂದು ಖಾನೆ ಬಿಟ್ಟರೆ ಅತ್ತೆಯದೆಂಬುದು ಯಾವುದೂ ಇರಲಿಲ್ಲ. ರಜೆಯ ಆರು ವಾರ ಅಂಗಳದಲ್ಲಿ ನಡೆಯುತ್ತಿದ್ದ ಮಕ್ಕಳ ಶಿಬಿರ ಮಾತ್ರ ಪೂರ್ತಿ ಅವಳದಾಗಿತ್ತು. ಊರಿಗೆ ಹೋಗಲು ರೈಲಿನ ಟಿಕೆಟ್ಟು ಸಿಗದ ಮನೆಗಳ ಹನ್ನೆರಡು ಹದಿಮೂರು ಮಕ್ಕಳು ಬೆಳಿಗ್ಗೆ ಏಳಕ್ಕೇ ಬಂದುಬಿಡುತ್ತಿದ್ದರು. ಅತ್ತೆ ಸೀರೆಯ ಸೆರಗು ಸಿಕ್ಕಿಸಿ ಸೀಟಿ ಊದಿದರೆ ಆ ಹೆಂಗಸೇ ಬೇರೆ, ಬೆನ್ನು ನೇರವಾಗುತ್ತಿತ್ತು.

ಶಿಬಿರದಲ್ಲಿ ದಿನಕ್ಕೊಬ್ಬರು ಲೀಡರ್. ಲೀಡರ್ ಆದವರು ಎಲ್ಲರಿಗೂ ನೀರು ಕೊಟ್ಟು ಕೊನೆಗೆ ತಾವು ಕುಡಿಯಬೇಕು, ಚಾಪೆ ಮಡಚಬೇಕು, ಚಿಕ್ಕವರ ಚಪ್ಪಲಿ ಹುಡುಕಿ ಕೊಡಬೇಕು. ನನ್ನ ಸರದಿ ಬಂದಾಗ ನನಗೆ ಇದ್ಯಾವುದೂ ಲೀಡರ್ ಮಾಡುವ ಕೆಲಸವೆಂದು ಅನ್ನಿಸಲಿಲ್ಲ. ನಾನು ಕಾನ್ವೆಂಟಿನ ಹುಡುಗಿ. ನಮ್ಮ ಶಾಲೆಯಲ್ಲಿ ಸಿಸ್ಟರ್ ಕಾರಿಡಾರಿಗೆ ಬಂದರೆ ನಲವತ್ತು ಮಕ್ಕಳೂ ತುಟಿಯ ಮೇಲೆ ಬೆರಳಿಟ್ಟು ಸಾಲಾಗಿ ನಡೆಯುತ್ತಿದ್ದೆವು, ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅದಕ್ಕಿಂತ ಚಂದದ್ದು ಲೋಕದಲ್ಲಿ ಇರಲಾರದು ಎಂದು ನಾನು ನಂಬಿದ್ದೆ. ಅತ್ತೆ ಪಾನಕ ಕದಡಲು ಒಳಗೆ ಹೋಗುವಾಗ ಬೇವಿನ ನೆರಳು ಬಿಟ್ಟು ಆಚೆ ಹೋಗಬೇಡಿ ಎಂದಿದ್ದಳು. ನಾನು ಎಲ್ಲರ ಬೆರಳನ್ನೂ ತುಟಿಯ ಮೇಲಿಡಿಸಿ ರಸ್ತೆಗೆ ಇಳಿಸಿದೆ. ಹತ್ತೂವರೆಯ ಬಿಸಿಲು, ಡಾಂಬರು ಮೆತ್ತಗಾಗಿತ್ತು, ಲೂ ಎಂದು ಕರೆಯುವ, ಕಿವಿ ಸುಡುವ ಬಿಸಿಗಾಳಿ ಬೀಸತೊಡಗಿತ್ತು. ಸಾಲು ಸೊಟ್ಟಗಾಯಿತೆಂದು ರಸ್ತೆಯ ಕೊನೆಯಿಂದ ತಿರುಗಿಸಿ ಇನ್ನೊಂದು ಸುತ್ತು ನಡೆಸಿದೆ. ನನ್ನ ಹಿಂದೆಯೇ ಇದ್ದ ಆರು ವರ್ಷದ ಚಿನ್ನು ನನ್ನ ಫ್ರಾಕು ಎಳೆದು, "ದೀದಿ..." ಎಂದಳು. ನಾನು ಬೆರಳು ತೋರಿಸಿದೆ. ಮತ್ತೊಮ್ಮೆ ಎಳೆದಳು. ಕಣ್ಣು ದೊಡ್ಡದು ಮಾಡಿ ಮತ್ತೆ ಬೆರಳು ತೋರಿಸಿದೆ. ಪಾಪ, ಮಗು ಹೇಳಿದ ಹಾಗೆ ಕೇಳಿತು. ಬೀಳುವಾಗಲೂ ಬೆರಳು ತುಟಿಯ ಮೇಲೆಯೇ ಇತ್ತು.

ಅವಳನ್ನು ಎತ್ತಿಕೊಂಡು ಓಡಿದ್ದು ಅತ್ತೆ. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಆಸ್ಪತ್ರೆಗೆ ಹೋದವರು ಮಧ್ಯಾಹ್ನ ಕಳೆದರೂ ಬರಲಿಲ್ಲ. ನಾನು ಕೂಲರಿನ ಮುಂದೆ ಕೂತು ಅದರ ನೀರು ತೊಟ್ಟಿಕ್ಕುವುದನ್ನೇ ನೋಡುತ್ತ, ಚಿನ್ನು ಸತ್ತುಹೋದರೆ, ಚಿನ್ನು ಸತ್ತುಹೋದರೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಸಂಜೆ ಐದಕ್ಕೆ ಗೇಟಿನ ಸದ್ದಾಯಿತು. ಮಗುವಿಗೆ ಎಚ್ಚರವಾಗಿತ್ತು, ಡಾಕ್ಟರು ಭಯವಿಲ್ಲ ಎಂದಿದ್ದರಂತೆ. ಆದರೆ ಅತ್ತೆಯ ಹಿಂದೆಯೇ ಚಿನ್ನುವಿನ ತಾಯಿ ಕಾವೇರಿ ಆಂಟಿ ಬಂದರು, ಎರಡು ಮನೆಯಾಚೆಯ ಕೊಡಗಿನವರು. ಅಂಗಳದಲ್ಲೇ ನಿಂತು ಕೂಗಿದರು, "ಬಾಯಿ ಮುಚ್ಕೊಂಡು ಮಾರ್ಚ್ ಮಾಡೋಕೆ ನನ್ನ ಮಗು ಏನು ನಿಮ್ಮ ಪಲ್ಟನ್ನಿನ ಜವಾನಾ?"

ಅಪ್ಪನ ಮುಖ ಕೆಂಪಾಯಿತು. "ಶಾರದಾ, ಸಾಕು. ನಾಳೆಯಿಂದ ಇದೆಲ್ಲ ನಿಲ್ಸಿಬಿಡು."

"ತಪ್ಪು ನನ್ದು ಅಣ್ಣ. ರಸ್ತೆಗೆ ಕಳಿಸಿದ್ದು ನಾನೇ" ಎಂದಳು ಅತ್ತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೀಟಿಯನ್ನು ಕೊರಳಿನಿಂದ ತೆಗೆದು ಬೀರುವಿನ ತನ್ನ ಖಾನೆಯಲ್ಲಿಟ್ಟಳು. ಅವಳಿಗಿದ್ದ ಒಂದೇ ಒಂದನ್ನು ನಾನು ಕಳೆದುಬಿಟ್ಟೆ ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾಗಿಯೂ, ರಸ್ತೆಗೆ ಇಳಿಸಿದ್ದು ನಾನೆಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳ ಖಾಲಿ. ಅತ್ತೆ ಅಮ್ಮನ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಹೋಗಿ ಹೇಳಿದೆ, "ಚಿನ್ನು ಎರಡು ಸಲ ಕರೆದ್ಲು ಅತ್ತೆ. ನಾನೇ ಕೇಳಿಸ್ಕೊಳ್ಳಲಿಲ್ಲ."

"ಹೂಂ. ಹೋಗಿ ಅವರಮ್ಮನಿಗೂ ಹೇಳು."

"ನೀನೂ ಬರ್ತೀಯಾ?"

"ಗೇಟಿನ ತನಕ."

ಕಾವೇರಿ ಆಂಟಿಯ ಬಾಗಿಲಲ್ಲಿ ನಿಂತು ನಾನು ಏನೇನು ತೊದಲಿದೆನೋ ಗೊತ್ತಿಲ್ಲ. ಅವರು ಕೇಳಿಸಿಕೊಂಡು, "ಮೊದಲು ಒಳಗೆ ಬಾ ಮಾರಾಯ್ತಿ, ನೀನೂ ಬಿಸಿಲಲ್ಲಿ ಬಿದ್ದೀಯ" ಎಂದರು. ಮಂಚದ ಮೇಲೆ ಮಾವಿನಹಣ್ಣು ಚೀಪುತ್ತ ಕೂತಿದ್ದ ಚಿನ್ನು ತಲೆಯೆತ್ತಿ, "ದೀದಿ, ಆಜ್ ಲೀಡರ್ ಯಾರು?" ಎಂದಳು. ಗೇಟಿನ ಹತ್ತಿರ ನಿಂತಿದ್ದ ಅತ್ತೆಗೆ ಆಂಟಿ ಅಲ್ಲಿಂದಲೇ ಕೂಗಿ ಹೇಳಿದರು, "ಸೋಮವಾರದಿಂದ ಕಳಿಸ್ತೀನಿ ಶಾರದಾ. ಮಕ್ಕಳ ಬಾಯಿ ಮಾತ್ರ ಮುಚ್ಚಿಸಬೇಡಿ." ಅವರೇ ಹಾಗೆ ಹೇಳಿದ ಮೇಲೆ ಅಪ್ಪನೂ ಸುಮ್ಮನಾದರು.

ಸೋಮವಾರ ಅತ್ತೆ ಮತ್ತೆ ನನ್ನನ್ನೇ ಲೀಡರ್ ಮಾಡಿದಳು. ಬೇಡವೆಂದು ನಾನು ಅಳುತ್ತ ಕೂತರೂ ಅವಳು ಕೇಳಲಿಲ್ಲ. ಅವತ್ತು ಮಕ್ಕಳು ಮನೆಗೆ ಹೊರಡುವ ಮೊದಲು ನನ್ನನ್ನು ಮುಕ್ಕಾಲಿಯ ಮೇಲೆ ಕೂರಿಸಿ, ನನ್ನ ತುಟಿಯ ಮೇಲೆ ನನ್ನದೇ ಬೆರಳಿಡಿಸಿದಳು. ಉಳಿದವರೆಲ್ಲ ಸುತ್ತ ಕೂತು, ಇವತ್ತು ತಮಗೆ ಏನು ಬೇಕಿತ್ತು, ಏನು ಸಿಗಲಿಲ್ಲ ಎಂದು ಒಬ್ಬೊಬ್ಬರಾಗಿ ಹೇಳಬೇಕು, ಲೀಡರ್ ಉತ್ತರ ಕೊಡುವಂತಿಲ್ಲ. "ದೀದಿ ಬಹುತ್ ಬೈತಾಳೆ" ಎಂದಿತು ಒಂದು. "ನನಗೆ ಸೂಸೂ ಬಂದಿತ್ತು, ಹೇಳೋಕೆ ಡರ್ ಆಯ್ತು" ಎಂದಿತು ಇನ್ನೊಂದು. ನನ್ನ ಕಿವಿ ಉರಿಯುತ್ತಿತ್ತು, ಬೆರಳು ತೆಗೆಯುವ ಹಾಗಿರಲಿಲ್ಲ. ಅಂದಿನಿಂದ ಪ್ರತಿದಿನ ಅದೇ ಪದ್ಧತಿಯಾಯಿತು. ನಾನು ಮುಂದೆ ಯಾರಿಗೂ ದೊಡ್ಡ ನಾಯಕಿಯಾಗಲಿಲ್ಲ, ಮನೆ ನೋಡಿಕೊಂಡು ಇದ್ದೇನೆ. ಆದರೂ ಎದುರಿನವರು ಮಾತು ನುಂಗಿದರೆ ನನಗೆ ತಿಳಿಯುತ್ತದೆ, ಅದನ್ನು ಕಲಿತದ್ದು ಆ ಮುಕ್ಕಾಲಿಯ ಮೇಲೆ.

ಇದನ್ನೆಲ್ಲ ಅನ್ವಿಗೆ ಅವಳ ಬ್ಯಾಗು ತುಂಬುತ್ತ ಹೇಳಿದೆ. ಅವಳು ಕಾಲುಚೀಲ ಸುತ್ತುವುದನ್ನು ನಿಲ್ಲಿಸಿ, "ಅಚ್ಛಾ, ಔರ್ ಆ ಅತ್ತೆಯ ಟರ್ನ್? ಅವರಿಗೆ ಏನು ಬೇಕು ಅಂತ ಯಾರು ಕೇಳ್ತಿದ್ರು?" ಎಂದಳು. ನಾನು ಕೈಯಲ್ಲಿದ್ದ ಟಾರ್ಚನ್ನು ಬ್ಯಾಗಿನೊಳಗೆ ಇಟ್ಟೆ. ಎಷ್ಟೋ ದಿನಗಳಿಂದ ಎದೆಯಲ್ಲಿ ಕೂತಿದ್ದ ಭಯ, ಈ ಹುಡುಗಿಯ ಬಗ್ಗೆ ಇದ್ದದ್ದು, ಸ್ವಲ್ಪ ಸಡಿಲವಾಯಿತು.

ಶಿಬಿರ ಇನ್ನೆರಡು ಬೇಸಿಗೆ ನಡೆಯಿತು, ಆಮೇಲೆ ಅಪ್ಪನಿಗೆ ವರ್ಗವಾಯಿತು. ಆ ಕ್ವಾರ್ಟರ್ಸನ್ನು ಕೆಡವಿ ಈಗ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ, ಬೇವಿನ ಮರ ಯಾವ ಕಡೆ ಇತ್ತೆಂದು ಗುರುತು ಹಿಡಿಯಲು ಆಗುವುದಿಲ್ಲ. ಅತ್ತೆಯೂ ಹೋಗಿ ಎಷ್ಟೋ ವರ್ಷವಾಯಿತು. ಶಿಬಿರದ ಕೊನೆಯ ದಿನ ಮಕ್ಕಳೆಲ್ಲ ತಮ್ಮ ತಮ್ಮ ಮಾತು ಹೇಳಿ ಹೊರಟುಹೋದ ಮೇಲೆ ಅವಳು ಆ ಮುಕ್ಕಾಲಿಯ ಮೇಲೆ ತಾನೇ ಕೂತಳು. ಅಂಗಳವನ್ನೆಲ್ಲ ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. ಏನೋ ಹೇಳುವವಳಂತೆ ತುಟಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಕರೆದಳು, ಅತ್ತೆ ಸೆರಗು ಕೊಡವಿ ಎದ್ದು ಹೋದಳು. ಆಗ ನನಗೆ ಹದಿಮೂರು, ಕೇಳುವಷ್ಟು ದೊಡ್ಡವಳಾಗಿದ್ದೆ. ಕೇಳಲಿಲ್ಲ.