ಸ್ವರವಿಲ್ಲದೆ ಕೊಟ್ಟ ಸಂದರ್ಶನ

ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಎರಡೇ ದಿನ ಇದೆ ಎನ್ನುವಾಗ ನನ್ನ ಧ್ವನಿ ಹೋಯಿತು. ಗಂಗಮ್ಮ ತಾಯಿಯನ್ನು ನಂಬಿದ ಅಕ್ಕ ತಂಗಿಯರೇ, ಪಾಠ ಮಾಡಿ ಬದುಕುವವಳಿಗೆ ಅದೆಂಥ ಪೆಟ್ಟು ಎಂದು ನಿಮಗೆ ಹೇಳಬೇಕಿಲ್ಲ.

ನಾನು ಬಂಗಾರಪೇಟೆ ಹತ್ತಿರದ ಹಳ್ಳಿಯ ಸೊಸೆ. ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಅತಿಥಿ ಉಪನ್ಯಾಸಕಿಯಾಗಿದ್ದೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ದಿಗಿಲಿನಲ್ಲೇ ವರ್ಷಗಳು ಕಳೆದಿದ್ದವು. ಕಾಯಂ ಹುದ್ದೆಗೆ ವಯಸ್ಸು ಮೀರುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಜ್ವರದಲ್ಲೂ ರಜೆ ಹಾಕದೆ ಪಾಠ ಮಾಡಿದ್ದೇ ಗಂಟಲಿಗೆ ಮುಳುವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಒಂದು ವಾರ ಮಾತು ಬೇಡ. ಪಿಸುಗುಟ್ಟಲೂಬಾರದು," ಎಂದರು. ಸಂದರ್ಶನದಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಹೊರಗಿನ ಬೆಂಚಿನ ಮೇಲೆ ಕುಸಿದು ಕೂತೆ.

ಅತ್ತೆ ನನ್ನನ್ನು ಗಂಗಮ್ಮನ ಗುಡಿಗೆ ಕರೆದೊಯ್ದರು. "ಬಾಯ್ಬಿಟ್ಟು ಕೇಳಕಾಗ್ದಿದ್ರೆ ಏನಾತು? ಮನಸ್ನಾಗೇ ಕೇಳ್ಕಳಮ್ಮ. ತಾಯಿಗೆ ಕೇಳಿಸ್ತೈತೆ," ಅಂದರು. ಅರ್ಧ ಗಂಟೆಯ ಮಟ್ಟಿಗಾದರೂ ಸ್ವರ ಕೊಡು ಎಂದು ಬೇಡಿಕೊಂಡೆ.

ಸಂದರ್ಶನದ ದಿನ ಬೆಳಿಗ್ಗೆಯೂ ಸ್ವರ ಬರಲಿಲ್ಲ. ಯಜಮಾನರು ಬಂಗಾರಪೇಟೆ ಸ್ಟೇಷನ್‌ವರೆಗೆ ಬೈಕಿನಲ್ಲಿ ಬಿಟ್ಟು, "ಓಗ್ಬಾ, ದೇವ್ರವ್ನೆ," ಎಂದರು. ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪ್ರತಿ ಸ್ಟೇಷನ್ ದಾಟಿದಾಗಲೂ 'ಅಮ್ಮಾ' ಎನ್ನಲು ನೋಡಿದೆ. ಬರೀ ಗಾಳಿ ಬಂತು.

ಸಂದರ್ಶನದ ಕೊಠಡಿಯ ಬಾಗಿಲಲ್ಲಿದ್ದ ಸಿಬ್ಬಂದಿ ಡಾಕ್ಟರ ಚೀಟಿ ನೋಡಿ, "ಮಾತೇ ಬರಲ್ಲ ಅಂದ್ರೆ ಪಾಠ ಹೆಂಗೆ ಮಾಡ್ತೀರಾ ಮೇಡಂ?" ಎಂದು ಒಳಗೆ ಹೋದರು. ಒಬ್ಬೊಬ್ಬರೇ ಅಭ್ಯರ್ಥಿಗಳು ಹೋಗಿ ಬಂದರು. ನನ್ನನ್ನು ಕರೆಯಲೇ ಇಲ್ಲ. ಮುಗಿಯಿತು ಎಂದುಕೊಂಡೆ.

ಕೊನೆಗೆ ಕರೆ ಬಂತು. ಸಮಿತಿಯಲ್ಲಿದ್ದ ಹಿರಿಯ ಪ್ರೊಫೆಸರಮ್ಮ, "ಬೋರ್ಡ್ ಇದೆಯಲ್ಲ, ಅಲ್ಲೇ ತೋರಿಸಮ್ಮ. ಬೈನರಿ ಸರ್ಚ್," ಎಂದರು. ಸಾಲನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತಾ ಬೇಕಾದ ಸಂಖ್ಯೆಯನ್ನು ಹುಡುಕುವ ವಿಧಾನ ಅದು.

ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದೆ. ಹುಡುಕಬೇಕಾದ ಸಂಖ್ಯೆಯನ್ನು ಮೇಲೆ ಬರೆದು, ಸಾಲಿನ ನಡುವಿನದಕ್ಕೆ ಸುತ್ತು ಹಾಕಿ, ಸಮಿತಿಯ ಕಡೆ ತಿರುಗಿ ಎಡವೋ ಬಲವೋ ಎಂದು ಕೈಸನ್ನೆ ಮಾಡಿದೆ. ಸುತ್ತು ಹಾಕಿದ ಸಂಖ್ಯೆಯನ್ನು ತಟ್ಟಿ ಮತ್ತೆ ಸನ್ನೆ ಮಾಡಿದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬರು ತಮಗರಿವಿಲ್ಲದೆ, "ಬಲಕ್ಕೆ," ಅಂದುಬಿಟ್ಟರು! ಎಡಭಾಗ ಪೂರ್ತಿ ಅಳಿಸಿದೆ. ಮುಂದಿನ ಸುತ್ತಿಗೆ ಇಬ್ಬರು ಒಟ್ಟಿಗೆ ಉತ್ತರಿಸಿದರು. ಸಂಖ್ಯೆ ಸಿಕ್ಕಿತು.

"ಇದು ಯಾವಾಗ ಕೈಕೊಡುತ್ತೆ?" ಎಂದು ಅಧ್ಯಕ್ಷರು ಕೇಳಿದರು. ಸಾಲನ್ನು ಮತ್ತೆ ಬರೆದು, ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ ಕ್ರಮ ಕೆಡಿಸಿ, ಮೊದಲಿನಂತೆಯೇ ಹುಡುಕಿ, ಖಾಲಿ ಕೈ ತೋರಿಸಿದೆ. ಅವರು ನಕ್ಕರು. ಪ್ರೊಫೆಸರಮ್ಮ, "ನೀನು ನಮ್ಮ ಕೈಯಲ್ಲೇ ಪಾಠ ಮಾಡಿಸಿಬಿಟ್ಟೆಯಲ್ಲಮ್ಮ," ಎಂದರು.

ಆಮೇಲೂ ಆತಂಕ ಬಿಡಲಿಲ್ಲ. ಧ್ವನಿ ಮರಳಿತು, ಫಲಿತಾಂಶ ಬರಲಿಲ್ಲ. ಫೋನ್ ಸದ್ದಾದರೆ ಬೆಚ್ಚುತ್ತಿದ್ದೆ. ಒಂದು ಮಧ್ಯಾಹ್ನ, ಆಯ್ಕೆಯಾದವರಲ್ಲಿ ನನ್ನ ಹೆಸರಿದೆ ಎಂದು ತಿಳಿಯಿತು. ಹಾಲು ಕರೆಯುತ್ತಿದ್ದ ಅತ್ತೆಯ ಬಳಿ ಓಡಿದೆ. "ತಾಯಿ ಕೈಬಿಡ್ಲಿಲ್ಲ ಕಣಮ್ಮ," ಎಂದು ಅವರು ಅಲ್ಲೇ ಅತ್ತುಬಿಟ್ಟರು.

ನಾನು ಬೇಡಿದ ಸ್ವರವನ್ನು ತಾಯಿ ಅಂದು ಕೊಡಲಿಲ್ಲ. ಅದಿದ್ದಿದ್ದರೆ ಎಲ್ಲರಂತೆ ನಾನೂ ಗಡಿಬಿಡಿಯಲ್ಲಿ ಪಾಠ ಒಪ್ಪಿಸಿ ಬರುತ್ತಿದ್ದೆನೇನೋ. ಈಗ ಗುಡಿಯಲ್ಲಿ ನಿಂತಾಗ ಇಂಥದೇ ಕೊಡು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕಷ್ಟವನ್ನಷ್ಟೇ ಹೇಳಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಇಂದು ಅಂಥದ್ದೊಂದು ಬಾಗಿಲ ಹೊರಗೆ ಕೂತಿದ್ದರೆ, ಎದ್ದು ಹೋಗಬೇಡಿ. ತಾಯಿಗೆ ಕೇಳಿಸಿದೆ.