ಕಿಟಕಿಯಾಚೆಗಿದ್ದ ಪೈಪು

ನಂಜನಗೂಡಿನ ನಮ್ಮ ಮನೆಯ ಫ್ರಿಜ್ಜು ಕೆಟ್ಟ ಮೂರನೆಯ ದಿನ ಅಮ್ಮ ತನ್ನ ತಮ್ಮನಿಗೆ ಫೋನ್ ಮಾಡಿದಳು. ನನ್ನ ಈ ಸೋದರಮಾವನಿಗೆ ತಿ. ನರಸೀಪುರದಲ್ಲಿ ಫ್ರಿಜ್ಜು ರಿಪೇರಿಯ ಅಂಗಡಿಯಿತ್ತು. ಅಪ್ಪನ ಇನ್ಸುಲಿನ್ ಬಾಟಲಿ ಆ ಮೂರು ದಿನವೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು ಮಡಕೆಯ ನೀರಿನಲ್ಲಿ ತೇಲುತ್ತಿತ್ತು. ಅಪ್ಪ ಆಸ್ಪತ್ರೆಯಿಂದ ಬಂದು ವಾರವಾಗಿತ್ತು, ಕಾಲಿನ ಗಾಯ ಇನ್ನೂ ಮಾಗಿರಲಿಲ್ಲ. ಕಾಲು ಉಳಿಯಲಿ ಎಂದು ಅಮ್ಮ ಕಾರ್ತಿಕದ ತಿಂಗಳಿಡೀ ಸಂಜೆ ದೀಪ ಹಚ್ಚುವ ಹರಕೆ ಹೊತ್ತಿದ್ದಳು. ಹಚ್ಚಿದ ದೀಪ ಎಣ್ಣೆ ತೀರುವ ಮೊದಲು ಆರಬಾರದು.

ಮಧ್ಯಾಹ್ನ ಸ್ಕೂಟರಿನಲ್ಲಿ ಬಂದ ಮಾವ ಫ್ರಿಜ್ಜನ್ನು ಅಡುಗೆಮನೆಯ ಗೋಡೆಯಿಂದ ಈಚೆಗೆಳೆದು, ಅದರ ಬೆನ್ನಿಗೆ ಕಿವಿಯಿಟ್ಟು ಕೂತ. ಒಳಗಿನ ಬಲ್ಬು ಉರಿಯುತ್ತಿತ್ತು, ತಂಪು ಮಾತ್ರ ಇರಲಿಲ್ಲ. ತಳದಲ್ಲಿದ್ದ ಕರಿಗಡಿಗೆಯಂಥ ಕಂಪ್ರೆಸರ್ ಗುಂಯ್ ಎಂದು ಸ್ವಲ್ಪ ಹೊತ್ತು ಮುಲುಗಿ, ಟಿಕ್ ಎಂದು ನಿಲ್ಲುತ್ತಿತ್ತು. ಮತ್ತೆ ಗುಂಯ್, ಮತ್ತೆ ಟಿಕ್.

“ಡಾಕ್ಟ್ರು ಬಂದ್ರು ನೋಡಿ,” ಅಮ್ಮ ಅಪ್ಪನಿಗೆ ಕೂಗಿ ಹೇಳಿದಳು.

“ನಿನ್ ಗಂಡನ್ಗಿಂತ ಇದ್ಕೇ ಜ್ವರ ಜಾಸ್ತಿ ಕಣಕ್ಕ. ಮುಟ್ನೋಡು ಬೇಕಾರೆ,” ಎಂದ ಮಾವ.

ನಡುಮನೆಯ ಮಂಚದಿಂದ ಅಪ್ಪ, “ಅದ್ಕೂ ಒಂದ್ ಸೂಜಿ ಚುಚ್ಬುಡು ಮತ್ತೆ,” ಎಂದು ನಕ್ಕ. ಆಸ್ಪತ್ರೆಯಿಂದ ಬಂದಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಮಾವ ಕಂಪ್ರೆಸರನ್ನು ಚಾಲೂ ಮಾಡುವ ರಿಲೇ ಬದಲಿಸಿ ನೋಡಿದ. ಅದೇ ಗುಂಯ್, ಅದೇ ಟಿಕ್. ವೈರು ಕಳಚಿ ಮೂರು ಪಿನ್ನುಗಳಿಗೂ ಮೀಟರ್ ಹಿಡಿದ. “ವೈಂಡಿಂಗ್ ಚೆನ್ನಾಗೇ ಅದೆ. ಒಳಗಡೆ ಕಚ್ಕೊಂಡದೆ. ಇದು ಇನ್ನೆದ್ದೇಳಲ್ಲ,” ಎಂದವನು ಪೇಟೆಗೆ ಹೋಗಿ ಹೊಸ ಕಂಪ್ರೆಸರ್ ತರುವಷ್ಟರಲ್ಲಿ ಸಂಜೆಯಾಗಿತ್ತು.

ಹಳೆಯದರ ಮೇಲೆ ಬೆಂಕಿಯ ಗುರುತಿನ ಹಳದಿ ಚೀಟಿಯೊಂದು ಅಂಟಿತ್ತು. ಒಳಗಿರುವುದು ಹತ್ತಿಕೊಳ್ಳುವ ಗ್ಯಾಸು. ಅದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿ ತಾಂಡ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು. ಹಿತ್ತಲ ಕಡೆಯ ಕಿಟಕಿ ತೆರೆದು, ಉದ್ದನೆಯ ಪೈಪಿನ ಒಂದು ತುದಿಯನ್ನು ಫ್ರಿಜ್ಜಿಗೆ ಸಿಕ್ಕಿಸಿ, ಇನ್ನೊಂದನ್ನು ಆಚೆಗೆ ಬಿಟ್ಟ.

“ಒಲೆ ಅಚ್ಬ್ಯಾಡಿ. ಗ್ಯಾಸೆಲ್ಲ ಆಚ್ಗೋಗ್ಲಿ,” ಎಂದು ಬೆಸುಗೆಯ ಸಾಮಾನು ತರಲು ಸ್ಕೂಟರಿನ ಬಳಿಗೆ ಹೋದ. ನಡುಮನೆಯ ದೇವರ ಗೂಡಿನಲ್ಲಿ ಅಮ್ಮ ಆಗಲೇ ದೀಪ ಹಚ್ಚಿದ್ದಳು. ದೂರವಿದೆ, ಎತ್ತರದಲ್ಲಿದೆ ಎಂದು ಮಾವನೂ ಬಿಟ್ಟ, ನಾನೂ ಬಿಟ್ಟೆ.

ಕಿಟಕಿಯಿಂದ ಬಂದ ಗಾಳಿ ನೇರ ದೀಪಕ್ಕೆ ಬಡಿಯಿತು. ಕುಡಿ ಬಾಗಿದ್ದು ಕಂಡು ಅಮ್ಮ ಓಡಿಬಂದು, ಪೈಪನ್ನು ಒಳಕ್ಕೆಳೆದು ನೆಲಕ್ಕೆ ಹಾಕಿ, ಕಿಟಕಿ ಮುಚ್ಚಿದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ನೋಡಿದೆ. ಹರಕೆಯ ವಿಷಯಕ್ಕೆ ಬೆಳಿಗ್ಗೆಯಷ್ಟೇ ಅವಳೊಡನೆ ಜಗಳವಾಡಿದ್ದೆ, ಮತ್ತೊಂದು ಬೇಡವೆನಿಸಿತು. ಅವಳು ಅತ್ತ ಹೋಗಲಿ, ಆಮೇಲೆ ತೆರೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು.

ಮಾವ ವಾಪಸು ಬಂದು ಫ್ರಿಜ್ಜಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ. ಅಲ್ಲಿಂದ ಅವನಿಗೆ ಕಿಟಕಿ ಕಾಣುತ್ತಿರಲಿಲ್ಲ. ಹಳೆಯ ಕೊಳವೆಗಳನ್ನು ಕತ್ತರಿಸಿದ, ಹೊಸ ಕಂಪ್ರೆಸರ್ ಕೂರಿಸಿದ, ಬೆಸುಗೆಯ ಟಾರ್ಚು ಕೈಗೆತ್ತಿಕೊಂಡ.

“ಪೈಪು ಆಚೆನೇ ಅದೆ ತಾನೆ ಮಗ?”

“ಹೂಂ,” ಎಂದೆ. ಫೋನು ಕಿವಿಯಲ್ಲೇ ಇತ್ತು.

ಹಾಗಂದದ್ದು ನನಗೇ ಕೇಳಿಸಿತು. ತಿರುಗಿ ನೋಡಿದೆ. ಪೈಪಿನ ತುದಿ ಅವನ ಬೆನ್ನ ಹಿಂದೆ ನೆಲದ ಮೇಲೆ ಬಿದ್ದಿತ್ತು. “ಮಾ…” ಎನ್ನುವಷ್ಟರಲ್ಲಿ ಲೈಟರು ಕಟಕ್ ಎಂದಿತು.

ನೀರು ಚೆಲ್ಲಿದ ಹಾಗೆ ನೆಲದ ಮೇಲೆ ನೀಲಿ ಬೆಂಕಿ ಹರಿದು ಭಗ್ಗನೆ ಮೇಲೆದ್ದಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ನನಗೆ ಮಾತ್ರ ಇನ್ನೂ ಮುಗಿದಿಲ್ಲ. ತಾಂಡ್ಯದ ಬಸ್ಸಿನಲ್ಲಿ ಕೂತಾಗ, ಲ್ಯಾಬಿನಲ್ಲಿ ಬರ್ನರ್ ಹಚ್ಚುವಾಗ, ಆ ಕಟಕ್‌ಗಿಂತ ಮುಂಚಿನ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಬೇಕಾದಷ್ಟು ಸಮಯವಿದೆ. ಕಿಟಕಿ ತೆರೆಯಬಹುದು, ಫೋನು ಇಡಬಹುದು, ಇಲ್ಲ ಅನ್ನಬಹುದು.

ಮಾವ ಮುಖಕ್ಕೆ ಅಡ್ಡ ಹಿಡಿದಿದ್ದ ಎರಡು ಕೈಗಳನ್ನೂ ಯಾರದೋ ಕೈಗಳೆಂಬಂತೆ ನೋಡುತ್ತ ಕೂತುಬಿಟ್ಟ. ಅಮ್ಮ ಮಡಕೆಯೆತ್ತಿ ಅಷ್ಟೂ ನೀರನ್ನು ಅವುಗಳ ಮೇಲೆ ಸುರಿದಳು. ಇನ್ಸುಲಿನ್ ಡಬ್ಬಿ ಉರುಳಿಕೊಂಡು ಹೋಗಿ ಮೂಲೆ ಸೇರಿತು.

ಮೈಸೂರಿನ ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಮಾವ ಒಂದೇ ಮಾತು ಹೇಳಿದ: “ನಂದೇ ತಪ್ಪು. ಪೈಪು ನಾನೇ ನೋಡ್ಬೇಕಾಗಿತ್ತು.” ಅಮ್ಮ ನೋಡಲು ಬಂದವರಿಗೆಲ್ಲ ಬೇರೆಯದನ್ನೇ ಹೇಳಿದಳು: “ಅಷ್ಟ್ ಬೆಂಕಿ ಬಂದ್ರೂ ದೀಪ ಆರ್ಲಿಲ್ಲ ಕಣ್ರೀ. ಅದ್ಕೇ ನನ್ ತಮ್ಮನ್ ಜೀವ ಉಳೀತು.” ಕಿಟಕಿ ಮುಚ್ಚಿದ್ದು ಅವಳಿಗೆ ನೆನಪಿಲ್ಲ. ನೆನಪಿಸುವ ಧೈರ್ಯ ನನಗಿಲ್ಲ. ನೆನಪಿಸಿದರೆ ನನ್ನ ಹೂಂ ಎಂಬುದನ್ನೂ ಹೇಳಬೇಕಾಗುತ್ತದೆ.

ಮಾವ ಹೇಳಿ ಕಳಿಸಿದ ಇನ್ನೊಬ್ಬ ಮೆಕ್ಯಾನಿಕ್ ಬಂದು ಬೆಸುಗೆ ಮುಗಿಸಿ, ಗ್ಯಾಸು ತುಂಬಿ ಹೋದ. ಅಪ್ಪನ ಬಾಟಲಿ ಫ್ರಿಜ್ಜು ಸೇರಿತು. ಕಾಲೂ ಉಳಿಯಿತು. ಅಮ್ಮ ಅದನ್ನೂ ದೀಪದ ಲೆಕ್ಕಕ್ಕೇ ಸೇರಿಸಿದಳು.

ಹೋದ ತಿಂಗಳು ಮಾವ ಬಂದಿದ್ದ, ಬಸ್ಸಿನಲ್ಲಿ. ಅವನ ಬೆರಳುಗಳು ಮಡಚುವುದಿಲ್ಲ, ಸ್ಕೂಟರಿನ ಹ್ಯಾಂಡಲ್ ಹಿಡಿಯಲಾಗುವುದಿಲ್ಲ. ನರಸೀಪುರದ ಅಂಗಡಿಗೆ ಬೀಗ ಹಾಕಿದ್ದಾನೆ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದ. ಆಮೇಲೆ ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಹಿಂದೆ ಕೂತು ಕಿವಿಯಿಟ್ಟ.

“ಸದ್ದು ಸರಿಯಾಗದೆ. ಕೈಗೆ ಬಿಸಿ ಗೊತ್ತಾಗಲ್ಲ ಕಣ್ ಮಗ. ನೀನ್ ಮುಟ್ನೋಡು, ಎಷ್ಟದೆ?”

ಪಕ್ಕದಲ್ಲಿ ಕೂತು ಕಂಪ್ರೆಸರಿನ ಮೇಲೆ ಅಂಗೈಯಿಟ್ಟೆ. ನಡುಮನೆಯಲ್ಲಿ ಅಮ್ಮ ಬತ್ತಿ ಹೊಸೆಯುತ್ತಿದ್ದಳು.

“ಮಾವ, ಅವತ್ತು ಪೈಪು…”

“ಬಿಸಿ ಎಷ್ಟದೆ ಅಂತ ಕೇಳ್ದೆ.” ಮಾವ ದನಿ ತಗ್ಗಿಸಿ ನಡುಮನೆಯ ಕಡೆ ನೋಡಿದ. “ಅಷ್ಟ್ ಯೋಳು ಸಾಕು.”

ಅಂಗೈಯನ್ನು ಮೇಲೆ, ಪಕ್ಕಕ್ಕೆ, ಕೊಳವೆ ಸೇರುವ ಜಾಗದ ಹತ್ತಿರ ಇಟ್ಟು ನೋಡಿದೆ. ಇನ್ನೊಂದು ಸಲ ನೋಡಿದೆ.

“ಬಿಸಿ ಇದೆ ಮಾವ. ಸುಡೋ ಅಷ್ಟಿಲ್ಲ. ಕೈ ಇಡಬಹುದು.”

ಮಾವ ತನ್ನ ಮಡಚಲಾಗದ ಕೈಯನ್ನು ನನ್ನ ಕೈಯ ಪಕ್ಕ ಇಟ್ಟ.