ಕಟ್ಟೆಯ ಕಲ್ಲು, ಟೈರಿನ ಮಗ್ಗುಲು

ಹಳೇ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ ಜೋಡಿಸಿಕೊಂಡ ಮೇಲೆ ನಾನು ಶಹಾಬಾದಿನ ಟೈರ್ ಪಂಡಿತನಾದೆ. ಯಾರು ಸಿಕ್ಕರೂ ನನ್ನ ಟೈರಿನ ಕಂಪನಿಯ ಗುಣಗಾನ. ಮದುವೆ ಮನೆಯಲ್ಲಿ ಅನ್ನ ಬಡಿಸುವವರು ಕೂಡ ನನ್ನ ಸಾಲಿಗೆ ಬಂದರೆ ಕಾಲು ಚುರುಕು ಮಾಡುತ್ತಿದ್ದರು.

ಅವ್ವನಿಗೆ ಒಮ್ಮೆ ನೋಡಬೇಕಾಗಿದ್ದದ್ದು ಚಿಂಚೋಳಿ ಕಾಡಿನ ಡ್ಯಾಮಿನ ನೀರು. ಭಂಕೂರಿನ ಕಲ್ಲುಗಣಿಯ ಧೂಳಿನಲ್ಲೇ ಬಾಳು ಸವೆಸಿದವಳು. ಹೊತ್ತು ಮುಳುಗಿದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕಲಬುರಗಿಯಲ್ಲಿ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು. ನೋಟ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಅದರ ಹಿಂದಿನ ದಿನವೇ ಹೋಗಿಬರುವುದೆಂದು ಮಾತಾಯಿತು.

ನಮ್ಮೂರ ಎಲ್ಲ ಮನೆಗಳಂತೆ ನಮ್ಮ ಕಟ್ಟೆಗೂ ಪರಸಿ ಹಾಸುಗಲ್ಲಿನ ಚೂಪು ಅಂಚು. ಓಣಿ ಇಕ್ಕಟ್ಟು, ವ್ಯಾನನ್ನು ದಿನವೂ ಕಲ್ಲಿಗೆ ಒತ್ತಿಯೇ ನಿಲ್ಲಿಸುತ್ತಿದ್ದೆ. ಅವ್ವ ಒಳಗಿಂದಲೇ ಕೂಗುತ್ತಿದ್ದಳು: "ತಮ್ಮಾ, ಕಲ್ಲು ಟೈರಿನ ಮಗ್ಗಲಾ ಕೊಯ್ಯಾಕತ್ತದ. ಸಪ್ಪಳಾ ಕೇಳ್ತದ ನನಗ."

"ಏ ಅವ್ವಾ, ಇದು ಯಾವ ಕಂಪನಿದು ಗೊತ್ತದೇನು? ಕಲ್ಲೇ ಸವೀತದ ನೋಡು!"

ಅದೇ ಸೊಕ್ಕಿನಲ್ಲಿ, ಹೊರಡುವ ದಿನ ಸ್ಟೆಪ್ನಿಯನ್ನು ಮನೆಯಲ್ಲೇ ಬಿಟ್ಟು ಆ ಜಾಗದಲ್ಲಿ ಗ್ಯಾಸ್ ಒಲೆ ಇಟ್ಟೆ. ಚಿತ್ತಾಪುರ ದಾಟಿ, ಸೇಡಂ ಇನ್ನೂ ದೂರವಿರುವಾಗ ಟೈರಿನ ಮಗ್ಗುಲು ಢಂ ಎಂದು ಸಿಡಿಯಿತು. ರಸ್ತೆ ಬದಿಯಲ್ಲಿ ಅವ್ವನಿಗೆ ಚಹಾ ಕಾಸಿಕೊಟ್ಟೆ. ಒಲೆಯಾದರೂ ಇತ್ತಲ್ಲ!

ಫೋನ್ ಮಾಡಿ ಕರೆಸಿದ ಸೇಡಂನ ಪಂಕ್ಚರ್ ಅಂಗಡಿಯ ಚಾಚಾ ಬೇರೆ ಟೈರ್ ಹುಡುಕಿ ಅಲ್ಲಿಗೇ ತರುವಷ್ಟರಲ್ಲಿ ಬಿಸಿಲು ಇಳಿದಿತ್ತು. ನಾನು ಕಂಪನಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಚಾಚಾ ಹರಿದ ಜಾಗದ ಮೇಲೆ ಬೆರಳಾಡಿಸಿ ಕೇಳಿದರು: "ಶಹಾಬಾದ್‌ನವ್ರೇನ್ರಿ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಅಲ್ಲಿ ಗಾಡಿ ಭಾಳ ಹಿಂಗೇ ಬರ್ತಾವ್ರಿ. ಒಂದೇ ಮಗ್ಗಲಾ ಪರಸಿ ಕೊಯ್ದಿರ್ತದ. ಕುಣಿಯಲಾರದವಳು ನೆಲ ಡೊಂಕು ಅಂದಂಗ, ಕಂಪನಿಗಿ ಯಾಕ ಬೈತೀರಿ?"

ಅವ್ವ ಚಹಾದ ಲೋಟ ಒರೆಸಿ ಒಳಗಿಟ್ಟಳು. ನಾಲ್ಕು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಡ್ಯಾಮಿನ ಮೇಲೆ ನಿಂತಾಗ ಹೊತ್ತು ಮುಳುಗಿತ್ತು. ನನಗೆ ನೀರು ಕಾಣುತ್ತಿತ್ತು. ಅವ್ವ ತಡವರಿಸಿ ನನ್ನ ತೋಳು ಹಿಡಿದಳು. ನಾಚಿಕೆಗೆ ನನಗೆ ಅಳುವೇ ಬಂತು.

"ಟೈರಿಂದು ಊರಿಗೆಲ್ಲಾ ಹೇಳ್ತಿದ್ದೆಲ್ಲೋ," ಅಂದಳು. "ಈಗ ನೀರು ಹ್ಯಾಂಗದ, ಅದಿಷ್ಟು ನನಗ ಹೇಳು."